ಹೆಗಲು ಯಾರದು

ಅವ್ವನ ಎಲುಬುಗಳನ್ನು ತುಶೆಂಗ್ ತಾನೇ ಅಗೆದು ತೆಗೆಯಬೇಕಾಯಿತು.

ಮಣ್ಣು ಹಸಿಯಾಗಿತ್ತು. ಗುದ್ದಲಿಗೆ ತಡೆಯೊಡ್ಡಲಿಲ್ಲ. ಅವಳನ್ನು ಮಲಗಿಸಿದ್ದ ತೆಳು ಹಲಗೆಯ ಪೆಟ್ಟಿಗೆ ಎಂದೋ ಕೊಳೆತುಹೋಗಿತ್ತು. ಮೊದಲು ಕಾಲಿನ ಎಲುಬು ಸಿಕ್ಕಿತು. ಆಮೇಲೆ ಸೊಂಟದ್ದು. ಅವನು ಗುದ್ದಲಿ ಬದಿಗಿಟ್ಟು ಬೆರಳಿನಲ್ಲಿ ಕೆದಕಿದ. ಬಲ ಹೆಗಲಿನ ಎಲುಬು ಸಿಕ್ಕಾಗ ಕೈ ನಿಂತಿತು. ಅದು ಬಾಗಿತ್ತು. ಪುಟ್ಟ ಹುಡುಗಿಯಾಗಿದ್ದಾಗಿನಿಂದ ಸಾಯುವವರೆಗೆ ಪಾನ್ ಕುಲದವರ ಗದ್ದೆಗೆ ಹೇಲುಗೊಬ್ಬರದ ಬುಟ್ಟಿ ಹೊತ್ತ ಹೆಗಲು. ಬದುಕಿದ್ದಾಗ ಅಂಗಿಯ ಒಳಗೆ ಮುಚ್ಚಿಟ್ಟುಕೊಂಡಿದ್ದುದು ಈಗ ಹಾಡಹಗಲಲ್ಲಿ ಬಿದ್ದಿತ್ತು.

ಸತ್ತವರ ಎಲುಬಿಗೆ ಬಿಸಿಲು ತಾಗಬಾರದು. ತೆಗೆಯುವಾಗ ಕೊಡೆ ಹಿಡಿಯಬೇಕು. ಇಡೀ ಆಮೆಗುಡ್ಡದಲ್ಲಿ ಆ ದಿನ ಇದ್ದದ್ದು ಒಂದೇ ಕೊಡೆ. ಅದು ಪಾನ್ ಕುಲದ ಎರಡನೇ ಒಡೆಯ ಜಿಂಗ್‌ತಾಂಗ್‌ನ ತಲೆಯ ಮೇಲಿತ್ತು. ಅವನು ಬಿದಿರಿನ ಕುರ್ಚಿಯಲ್ಲಿ ಕೂತು ಕಲ್ಲಂಗಡಿ ಬೀಜ ಕಚ್ಚಿ ಸಿಪ್ಪೆ ಉಗುಳುತ್ತಿದ್ದ. ಬೆಳಗ್ಗೆ ಆ ಕುರ್ಚಿಯನ್ನು ಗುಡ್ಡಕ್ಕೆ ಹೊತ್ತು ತಂದವರು ತುಶೆಂಗ್ ಮತ್ತು ಅವನ ಚಿಕ್ಕಪ್ಪನ ಮಗ ಹೆಶುನ್. ಹೆತ್ತವರನ್ನು ತಾವು ಅಗೆಯುವುದನ್ನು ನೋಡಲಿಕ್ಕೆ ಒಡೆಯನನ್ನು ತಾವೇ ಹೊತ್ತು ತಂದಿದ್ದರು.

"ಬೇಗ ಬೇಗ ಕಣ್ರೋ!" ಎಂದ ಒಡೆಯ. "ಏನ್ಲಾ ತುಶೆಂಗ್, ಹಾಗೆ ಜಾಲಾಡ್ತಿದೀಯ? ನಿಮ್ಮವ್ವ ಏನು ಚಿನ್ನ ನುಂಗಿ ಸತ್ತಿದ್ಲಾ?"

ಹಿಂದೆ ನಿಂತಿದ್ದ ಪಾನ್ ಹುಡುಗರು ನಕ್ಕರು.

"ಆಯ್ತು ಒಡೆಯ," ಎಂದ ತುಶೆಂಗ್. ಆ ಎರಡು ಮಾತು ಅವನಿಗೆ ಮೊಲೆಹಾಲಿನ ಜೊತೆ ಬಂದಿದ್ದವು.

ಅವನ ಹೆಂಡತಿ ಲಿಯೆನ್ ಏನೂ ಹೇಳದೆ ಸೊಂಟದ ಮುಂದಿನ ಬಟ್ಟೆ ಬಿಚ್ಚಿದಳು. ಎರಡು ತುದಿ ಹಿಡಿದು ಗುಂಡಿಯ ಮೇಲೆ ಚಾಚಿ ನಿಂತಳು. ನೆರಳು ತೆಳ್ಳಗಿತ್ತು. ಬಟ್ಟೆಯ ತೂತುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಎಲುಬಿನ ಮೇಲೆ ಬಿತ್ತು. "ಇಷ್ಟೇ ಆಗೋದು ಅತ್ತೆ," ಎಂದು ಗುಂಡಿಯೊಳಕ್ಕೆ ಹೇಳಿದಳು.

ಎಲುಬು ತುಂಬಿಸಲು ಮಡಕೆ ಕೊಳ್ಳುವ ಹಾಗಿರಲಿಲ್ಲ, ಸಮಯವೂ ಇರಲಿಲ್ಲ. ಕೇರಿಯ ಹೆಂಗಸರು ಸಾಸಿವೆ ಸೊಪ್ಪು ಉಪ್ಪು ಹಾಕಿಟ್ಟಿದ್ದ ಜಾಡಿಗಳನ್ನು ಬೆಳಗ್ಗೆ ಹೊಳೆಗೆ ಬರಿದು ಮಾಡಿದ್ದರು. ಇಡೀ ಚಳಿಗಾಲದ ಊಟ ಹೊಳೆಯಲ್ಲಿ ತೇಲಿಹೋಗಿತ್ತು. ಎಷ್ಟು ತೊಳೆದರೂ ಹುಳಿ ವಾಸನೆ ಹೋಗಿರಲಿಲ್ಲ. ಕಾಲು ಕೆಳಗೆ, ಸೊಂಟ ಅದರ ಮೇಲೆ, ಬೆನ್ನು, ಕೈ, ಕೊನೆಗೆ ತಲೆ. ಕೂತ ಮನುಷ್ಯರ ಹಾಗೆ. ತುಶೆಂಗ್ ಅವ್ವನನ್ನು ಉಪ್ಪಿನಕಾಯಿ ಜಾಡಿಯಲ್ಲಿ ಕೂರಿಸಿ ಬಾಯಿ ಮುಚ್ಚಿದ.

ಇಷ್ಟಕ್ಕೆಲ್ಲ ಕಾರಣ ಹಿರಿಯ ಒಡೆಯ ಸತ್ತದ್ದು. ಎಂಬತ್ತು ದಾಟಿದ ಮುದುಕ, ಕುಲಕ್ಕೆಲ್ಲ ಹಿರಿಯ, ಜಿಂಗ್‌ತಾಂಗ್‌ನ ಅಣ್ಣ. ಸಮಾಧಿಗೆ ಒಳ್ಳೆಯ ಜಾಗ ನೋಡುವವನೊಬ್ಬ ಕೆಳಗಿನ ಪಟ್ಟಣದಿಂದ ದಿಕ್ಕಿನ ತಟ್ಟೆ ಹಿಡಿದು ಬಂದ. ಗುಡ್ಡಗುಡ್ಡ ತಿರುಗಿ, ಅವರ ಊರು ಪಾನ್‌ಕೆಂಗ್‌ನ ಕೋಳಿಗಳನ್ನೆಲ್ಲ ತಿಂದು, ಮೂರನೆಯ ದಿನ ಆಮೆಗುಡ್ಡದ ಪೂರ್ವದ ಇಳಿಜಾರಿನಲ್ಲಿ ನಿಂತು ಇದೇ ಆಮೆಯ ಕುತ್ತಿಗೆ ಎಂದ. ಇಲ್ಲಿ ಮಲಗಿದವನ ಮೊಮ್ಮಕ್ಕಳು ಮಂತ್ರಿಗಳಾಗುತ್ತಾರೆ ಎಂದ. ಕಲ್ಲು ಬಿಟ್ಟು ಬೇರೇನೂ ಬೆಳೆಯದ ಇಳಿಜಾರು ಎಂದೇ ಅದನ್ನು ತಲೆತಲಾಂತರದ ಹಿಂದೆ ಪಾನ್ ಕುಲದವರು ತಮ್ಮ ಆಳುಗಳಾದ ದಾಯ್ ಜನರ ಹೆಣಗಳಿಗೆ ಬಿಟ್ಟಿದ್ದರು. ಅದು ಒಂದು ಬೆಳಗಿನಲ್ಲಿ ಆಮೆಯ ಕುತ್ತಿಗೆಯಾಯಿತು. ಒಡೆಯನ ಸುತ್ತ ಆಳುಗಳ ಎಲುಬು ಇರಬಾರದು ಎಂದಾಯಿತು.

"ಅವರ ಮೊಮ್ಮಕ್ಕಳು ಮಂತ್ರಿಯಾಗೋ ಜಾಗದಲ್ಲಿ ನಮ್ಮಜ್ಜಂದಿರು ಇಷ್ಟು ವರ್ಷ ಮಲಗಿದ್ರು," ಎಂದ ಹೆಶುನ್ ಜಾಡಿ ಹೊರುತ್ತ. "ನಾವ್ಯಾಕಣ್ಣಾ ಮಂತ್ರಿ ಆಗ್ಲಿಲ್ಲ?"

"ಬಾಯಿ ಮುಚ್ಕೊಂಡು ಹೊರು."

"ಹೊರೋ ಮಂತ್ರಿ ಆದ್ವಲ್ಲ, ಅದಕ್ಕೇ ಇರ್ಬೇಕು."

ಪಾನ್‌ಕೆಂಗ್‌ನ ಚರಿತ್ರೆಯನ್ನು ಕುಲಮಂದಿರದ ಗೋಡೆಯ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಉತ್ತರದಲ್ಲಿ ಯುದ್ಧವಾದಾಗ ಪಾನ್ ಮೂಲಪುರುಷ ಕುದುರೆಯೇರಿ ಈ ಕಣಿವೆಗೆ ಬಂದದ್ದು ಅಲ್ಲಿದೆ. ಯಾರು ರಾಜನ ಪರೀಕ್ಷೆ ಗೆದ್ದ, ಯಾರು ಸೇತುವೆ ಕಟ್ಟಿಸಿದ, ಯಾವ ವಿಧವೆ ಉಪವಾಸ ಬಿದ್ದು ಸತ್ತು ಕುಲದ ಮಾನ ಕಾಪಾಡಿದಳು, ಎಲ್ಲ ಅಲ್ಲಿದೆ. ದಾಯ್ ಜನರಿಗೆ ಒಂದು ಸಾಲು. 'ಬರಗಾಲದಲ್ಲಿ ಬಂದ ದಿಕ್ಕಿಲ್ಲದವರಿಗೆ ಕುಲವು ನೆಲ ಕೊಟ್ಟು ಸಲಹಿತು.' ಆ ಕಲ್ಲನ್ನು ಗಣಿಯಿಂದ ಹೊತ್ತು ತಂದವರು ದಾಯ್‌ಗಳು. ಒಬ್ಬನ ಕಾಲು ಅದರಡಿ ಸಿಕ್ಕಿ ಹೋಯಿತು. ಕಲ್ಲಿನಲ್ಲಿ ಅದಿಲ್ಲ.

ದಾಯ್ ಜನರ ಕೆಳಕೇರಿಯಲ್ಲಿ ಇನ್ನೊಂದು ಚರಿತ್ರೆ ಇದೆ. ಅದು ಬಾಯಿಂದ ಬಾಯಿಗೆ ಬಂದದ್ದು, ಅದೂ ಮೆಲ್ಲಗೆ. ಬರಗಾಲದಲ್ಲಿ ದಾಯ್ ಎಂಬ ಒಬ್ಬ, ಸತ್ತ ಅಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು ಈ ಕಣಿವೆಗೆ ಬಂದ. ಹೆಣ ಕೊಳೆಯತೊಡಗಿತ್ತು. ಹೂಳಲು ಎಲ್ಲಿಯೂ ಜಾಗ ಕೊಡಲಿಲ್ಲ. ಪಾನ್ ಒಡೆಯ ತನ್ನ ಬಾಗಿಲಲ್ಲಿ ನಿಂತು ಮೂಗಿಗೆ ತೋಳು ಅಡ್ಡ ಹಿಡಿದು ಕೇಳಿದ: "ಜಾಗ ಕೊಟ್ಟರೆ ಏನು ಕೊಡ್ತೀಯ?" ಅವನ ಹತ್ತಿರ ಏನಿತ್ತು? ಅಪ್ಪನನ್ನು ಹೊತ್ತ ಹೆಗಲು ಇತ್ತು. ಅದನ್ನು ಕೊಟ್ಟ. ತನ್ನದನ್ನಷ್ಟೇ ಕೊಟ್ಟೆ ಎಂದುಕೊಂಡಿದ್ದ. ಮಗನದನ್ನೂ ಮೊಮ್ಮಗನದನ್ನೂ ಅವರು ತೆಗೆದುಕೊಂಡರು.

ಅಂದಿನಿಂದ ಪಾನ್ ಮದುಮಗಳ ಪಲ್ಲಕ್ಕಿ, ಪಾನ್ ಹೆಣದ ಪೆಟ್ಟಿಗೆ, ಪಾನ್ ಗದ್ದೆಯ ಗೊಬ್ಬರ, ಎಲ್ಲ ದಾಯ್ ಹೆಗಲ ಮೇಲೆ. ಪಾನ್ ಮಗು ತೊಟ್ಟಿಲಲ್ಲಿದ್ದರೂ ಒಡೆಯ. ದಾಯ್ ಮುದುಕ ಎಂಬತ್ತಾದರೂ 'ಲೋ'. ವರ್ಷದ ಮೊದಲ ದಿನ ದಾಯ್ ಗಂಡಸರು ಕುಲಮಂದಿರದ ಹೊಸ್ತಿಲ ಹೊರಗೆ ಮಂಡಿಯೂರಬೇಕು. ಆ ಹೊಸ್ತಿಲು ಮೊಣಕಾಲೆತ್ತರ. ಅದನ್ನು ದಾಟಿದ ದಾಯ್ ಇನ್ನೂ ಹುಟ್ಟಿಲ್ಲ. ಒಳಗಿನಿಂದ ಪ್ರಶ್ನೆ ಬರುತ್ತದೆ.

"ಯಾರ ಮನೆಯಲ್ಲಿದ್ದೀರಿ?"

"ಒಡೆಯರ ಮನೆಯಲ್ಲಿ."

"ಯಾರ ಗದ್ದೆ ಉಳುತ್ತೀರಿ?"

"ಒಡೆಯರ ಗದ್ದೆ."

"ನಿಮ್ಮ ಸತ್ತವರು ಯಾರ ಗುಡ್ಡದಲ್ಲಿದ್ದಾರೆ?"

"ಒಡೆಯರ ಗುಡ್ಡದಲ್ಲಿ."

"ಹಾಗಾದರೆ ಈ ಹೆಗಲು ಯಾರದು?"

"ಒಡೆಯರದು."

ಆಮೇಲೆ ಪೂಜೆಯ ಹಂದಿಯಲ್ಲಿ ಉಳಿದ ಮೂಳೆಗಳನ್ನು ಹೊಸ್ತಿಲಾಚೆ ಎಸೆಯುತ್ತಾರೆ. ಅದನ್ನು ಎರಡೂ ಕೈಯಲ್ಲಿ ಹಿಡಿಯಬೇಕು.

ರಾಜನ ಆಳ್ವಿಕೆ ಮುಗಿದು ಇಪ್ಪತ್ತು ವರ್ಷವಾಗಿತ್ತು. ರಾಜನ ಕಾಲದಲ್ಲಿ ಗಂಡಸರು ಬಿಡಲೇಬೇಕಿದ್ದ ಜಡೆ ಕತ್ತರಿಸಿಯಾಗಿತ್ತು. ಇನ್ನು ಆಳು ಒಡೆಯ ಎಂಬುದಿಲ್ಲ ಎಂದು ಪಟ್ಟಣದ ಗೋಡೆಯ ಮೇಲೆ ಬರೆದಿದ್ದಾರೆ ಎಂದು ಉಪ್ಪು ಮಾರುವವನು ಹೇಳಿದ್ದ. ಆ ಗೋಡೆ ಪಾನ್‌ಕೆಂಗ್‌ಗೆ ನಡೆದು ಬರಲಿಲ್ಲ.

ಓಡಿಹೋಗಬಹುದಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ತುಶೆಂಗ್‌ನ ಅಪ್ಪ ಓಡಿಹೋಗಿದ್ದ. ನದಿಯ ಬಂದರಿನಲ್ಲಿ ಮೂಟೆ ಹೊರುವ ಕೆಲಸ ಹಿಡಿದಿದ್ದ. ಪಾನ್‌ಗಳು ಬೆನ್ನಟ್ಟಲಿಲ್ಲ. ಆಮೆಗುಡ್ಡದಲ್ಲಿ ಅವನ ಅಪ್ಪನ ಸಮಾಧಿಯ ಮೇಲೆ ಹಂದಿಗಳನ್ನು ಬಿಟ್ಟರು, ಅಷ್ಟೆ. ಸುದ್ದಿ ತಲುಪಿದ ಮೇಲೆ ಅಪ್ಪ ಬೇಸಿಗೆ ಮುಗಿಯುವುದರೊಳಗೆ ವಾಪಸಾದ. ಹೊಸ್ತಿಲ ಮುಂದೆ ಹಣೆ ಒಡೆಯುವವರೆಗೆ ನೆಲಕ್ಕೆ ಬಡಿದುಕೊಂಡ. ಆಮೇಲೆ ಹೊಳೆಯ ನೆರೆ ಅವನನ್ನು ಹೆಣವೂ ಸಿಗದಂತೆ ಒಯ್ಯುವವರೆಗೆ ಅವನು ಮಾತಾಡಿದ್ದು ಕಡಿಮೆ. ಹುಡುಗ ತುಶೆಂಗ್‌ಗೆ ಆ ಮೌನ ಭಯ ಹುಟ್ಟಿಸುತ್ತಿತ್ತು. ಈಗ ಅದೇ ಮೌನ ತನ್ನ ಬಾಯಲ್ಲೂ ಕೂತಿದೆ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು. ಹಗ್ಗ ಕಾಲಿಗೆ ಕಟ್ಟಿದ್ದಲ್ಲ. ಗುಡ್ಡದಲ್ಲಿ ಮಲಗಿದವರಿಗೆ ಕಟ್ಟಿದ್ದು.

ಜಾಡಿಗಳನ್ನು ಹೊಳೆಯ ಆಚೆ ಬರೀ ಕಲ್ಲಿನ ದಿಬ್ಬದಲ್ಲಿಟ್ಟರು. ಆ ದಿಬ್ಬ ಯಾರದೂ ಅಲ್ಲ. ವಸಂತದ ನೀರು ಬಂದರೆ ಮುಳುಗುವ ಜಾಗ, ಅದಕ್ಕೇ ಯಾರಿಗೂ ಬೇಡ. "ಸದ್ಯಕ್ಕೆ ಅಲ್ಲಿರ್ಲಿ, ಮುಂದೆ ನೋಡೋಣ," ಎಂದಿದ್ದ ಜಿಂಗ್‌ತಾಂಗ್. ನೋಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಇಡೀ ಕೇರಿ ಅಲ್ಲಿ ಸೇರಿತ್ತು. ಹೆಂಗಸರು ಅಳಲಿಲ್ಲ. ತಮ್ಮ ಸತ್ತವರಿಗಾಗಿ ದಾಯ್‌ಗಳು ದನಿಯೆತ್ತಿ ಅಳಬಾರದು ಎಂಬುದು ಊರಿನ ಕಟ್ಟಳೆ. ದಾಯ್ ಹೆಣ ಹೊರಡುವುದು ಹಿತ್ತಿಲ ದಾರಿಯಲ್ಲಿ, ಓಲಗವಿಲ್ಲದೆ, ಪಟಾಕಿಯಿಲ್ಲದೆ. ಮುಂದಿರುವ ಕಲ್ಲು ಗುಂಡಿಗಳನ್ನು ಹಿಂದಿನವರಿಗೆ ತಿಳಿಸಲು ಹೊರುವವರು ದಾರಿ ಕೂಗುವ ಹಾಗೂ ಇಲ್ಲ. ಕಾಲು ತಡವಿ ತಡವಿ ಹೋಗಬೇಕು, ಕಳ್ಳರ ಹಾಗೆ.

ತುಶೆಂಗ್‌ನ ದೊಡ್ಡವ್ವ ಒಂದು ಜಾಡಿಯ ಪಕ್ಕ ಕೂತಿದ್ದಳು. ಜಾಡಿಯಲ್ಲಿ ಅವಳ ಗಂಡ. ಹಲ್ಲಿಲ್ಲದ ಮುದುಕಿ. ಅವಳು ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು. ಕೆಳಗಿಟ್ಟಳು. ಮತ್ತೆ ಎತ್ತಿದಳು. ಆಮೇಲೆ ನಗತೊಡಗಿದಳು.

"ದೊಡ್ಡವ್ವಾ, ಯಾಕೆ?" ಎಂದ ತುಶೆಂಗ್. ಮುದುಕಿಗೆ ತಲೆ ಕೆಟ್ಟಿತು ಎಂದು ಹೆದರಿದ.

"ಎಷ್ಟು ಹಗುರ ಇದಾನೆ ನೋಡೋ ನಿಮ್ಮ ದೊಡ್ಡಪ್ಪ. ಬದುಕಿದ್ದಾಗ ಕುಡಿದು ಬಂದ್ರೆ ನಾಲ್ಕು ಜನ ಎತ್ಬೇಕಿತ್ತು. ಈಗ ನಾನೊಬ್ಳೇ ಎತ್ತಿಬಿಟ್ಟೆ."

"ಸುಮ್ನಿರು ದೊಡ್ಡವ್ವ."

"ಸುಮ್ನೆ ಇದ್ದೀನಲ್ಲೋ ಇಷ್ಟು ವರ್ಷ." ಅವಳು ನಗು ನಿಲ್ಲಿಸಿದಳು. ಆಮೆಗುಡ್ಡದ ಕಡೆ ನೋಡಿದಳು. "ಅವರ ಗುಡ್ಡದಲ್ಲಿ ಈಗ ನಮ್ಮೋರು ಯಾರಿದ್ದಾರೆ? ಹೇಳು."

ತುಶೆಂಗ್ ಗುಡ್ಡದ ಕಡೆ ತಿರುಗಿದ. ಹೆಣಗಳಿಲ್ಲದ ಗುಡ್ಡ ಅಗೆದ ಹುಣ್ಣಿನ ಹಾಗೆ ಕಾಣುತ್ತಿತ್ತು. ಮುದುಕಿಯ ಮಾತು ಅವನ ತಲೆಯಲ್ಲಿ ಎಲ್ಲೋ ಹೋಗಿ ಕೂತಿತು. ಏನೆಂದು ಅವನಿಗೆ ಆಗ ತಿಳಿಯಲಿಲ್ಲ.

ಸಾವಿನ ಮೆರವಣಿಗೆ ಮರುದಿನ ಬೆಳಗ್ಗೆ ಹೊರಟಿತು.

ಪೆಟ್ಟಿಗೆ ಹಳೆಯ ದೇವದಾರು ಮರದ್ದು. ಹಿರಿಯ ಒಡೆಯ ಬದುಕಿದ್ದಾಗಲೇ ಮಾಡಿಸಿ ವರ್ಷಕ್ಕೊಮ್ಮೆ ಅರಗು ಬಳಿಸಿದ್ದ. ಅರಗು ಅಂಗೈ ದಪ್ಪ ಕೂತಿತ್ತು. ಹಂದಿಕೊಬ್ಬಿನಲ್ಲಿ ಬೆಳೆದ ಮೈ ಒಳಗೆ. ಹದಿನಾರು ದಾಯ್ ಗಂಡಸರು ಕಂಬಗಳಿಗೆ ಹೆಗಲು ಕೊಡಬೇಕು. ಮುಂದಿನ ಕಂಬದ ಮೊದಲ ಜಾಗ ತುಶೆಂಗ್‌ನದು. ದಾರಿ ಕೂಗುವವನು ಅವನು. ಹಿಂದಿನವರಿಗೆ ಪೆಟ್ಟಿಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮುಂದಿನವನ ದನಿಯೇ ಅವರ ಕಣ್ಣು.

ಎಲ್ಲ ಊರಿನಲ್ಲೂ ಎತ್ತುವ ಮುಂಚೆ ಸತ್ತವನ ಮಕ್ಕಳು ಹೊರುವವರ ಮುಂದೆ ಮಂಡಿಯೂರಿ ತಲೆಬಾಗುತ್ತಾರೆ. ನಮ್ಮ ತಂದೆ ನಿಮ್ಮ ಹೆಗಲ ಮೇಲಿದ್ದಾನೆ, ಜೋಪಾನ ಎಂದು. ಪಾನ್‌ಕೆಂಗ್‌ನಲ್ಲಿ ದಾಯ್‌ಗಳಿಗೆ ಪಾನ್‌ಗಳು ತಲೆಬಾಗುವುದು ಹೇಗೆ? ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರು. ಹೊರುವವರನ್ನು ಪಕ್ಕಕ್ಕೆ ಸರಿಸಿ ಕಂಬಕ್ಕೆ ಕೆಂಪು ಬಟ್ಟೆ ಸುತ್ತಿ ಕಂಬಕ್ಕೆ ನಮಸ್ಕಾರ ಮಾಡುತ್ತಿದ್ದರು. ಆ ಬೆಳಗ್ಗೆಯೂ ಮಾಡಿದರು. ತುಶೆಂಗ್ ಗೋಡೆಗೆ ಒತ್ತಿ ನಿಂತು ನೋಡಿದ. ಶೋಕದ ಒರಟು ಬಿಳಿ ನಾರುಬಟ್ಟೆ ತೊಟ್ಟ ಪಾನ್ ಗಂಡಸರು ಒಂದು ಮರದ ತುಂಡಿಗೆ ಅಡ್ಡಬಿದ್ದರು.

ಅವರಲ್ಲಿ ಹಿರಿಯ ಒಡೆಯನ ಮೊಮ್ಮಗ ಷಾವ್‌ಯೀ ಇದ್ದ. ದೊಡ್ಡ ನಗರದಲ್ಲಿ ಓದುವವನು. ನಾರುಬಟ್ಟೆಯ ಕೆಳಗೆ ಚರ್ಮದ ಬೂಟು. ಹೋದ ವರ್ಷ ಕೇರಿಗೆ ಬಂದು ತುಶೆಂಗ್‌ನ ಮನೆಯ ಮೆಟ್ಟಿಲಲ್ಲೇ ಕೂತು ಚಹಾ ಕುಡಿದಿದ್ದ. "ಮನುಷ್ಯರೆಲ್ಲ ಒಂದೇ ತುಶೆಂಗಣ್ಣ. ನಮ್ಮ ಕಾಲದಲ್ಲಿ ಇದೆಲ್ಲ ಹೋಗ್ತದೆ," ಎಂದಿದ್ದ. ಲಿಯೆನ್ ಆ ಬಟ್ಟಲನ್ನು ತಿಂಗಳುಗಟ್ಟಲೆ ಯಾರೂ ಮುಟ್ಟದಂತೆ ಜೋಪಾನವಾಗಿ ಎತ್ತಿಟ್ಟಿದ್ದಳು. ನಿನ್ನೆ ಗುಡ್ಡದಲ್ಲಿ ಅವನೂ ಇದ್ದ. ಚಿಕ್ಕಜ್ಜ ಜಿಂಗ್‌ತಾಂಗ್‌ನ ಕೊಡೆ ಹಿಡಿದಿದ್ದವನು ಅವನೇ.

"ಎತ್ತು!" ಎಂದು ತುಶೆಂಗ್ ಕೂಗಿದ. ಹದಿನಾರು ಬೆನ್ನು ಮೇಲೆದ್ದವು.

ಓಲಗ ಹೊಮ್ಮಿತು. ಪಟಾಕಿ ಸಿಡಿದವು. ಸತ್ತವರಿಗೆಂದು ತೂರುವ ಕಾಗದದ ಹಣ ಗಾಳಿಯಲ್ಲಿ ಹಾರಿತು. ಮನೆಯಿಂದ ಹೊರಟ ಪೆಟ್ಟಿಗೆ ಗುಂಡಿ ಸೇರುವವರೆಗೆ ನೆಲ ಮುಟ್ಟಬಾರದು. ಮುಟ್ಟಿದರೆ ಸತ್ತವನು ಅಲ್ಲೇ ನೆಲೆಸುತ್ತಾನೆ. ಗುಂಡಿಯಲ್ಲಿ ಮಲಗುವುದು ಬರೀ ಮರ. ಅದಕ್ಕೇ ನಡುವೆ ಪೆಟ್ಟಿಗೆ ಇಟ್ಟು ದಣಿವಾರಿಸಲು ಎರಡು ಬೆಂಚು ಹೊತ್ತ ದಾಯ್ ಮುದುಕರು ಪಕ್ಕದಲ್ಲಿ ನಡೆಯುತ್ತಿದ್ದರು.

"ಎಡಕ್ಕೆ ಕಲ್ಲು!"

"ಬಲಕ್ಕೆ ಕಾಲು!" ಹಿಂದಿನಿಂದ ದನಿ ಬಂತು.

"ತಲೆಗೆ ಕೊಂಬೆ!"

"ಬಾಗು ಬೆನ್ನೇ!"

"ಮುಂದೆ ನೀರು!"

"ಹೆಜ್ಜೆ ಕಿರಿದು!"

ಸೇತುವೆ ದಾಟಿದರು. ಹೆಗಲ ಗಂಟಿನ ಚರ್ಮ ಸುಲಿದು ಒದ್ದೆಯಾಯಿತು. ನಾರಿನ ಚಪ್ಪಲಿಯೊಳಗೆ ಬೆರಳು ನೆಲ ಕಚ್ಚುತ್ತಿದ್ದವು. ಏರು ಶುರುವಾದಾಗ ಪೆಟ್ಟಿಗೆಯ ಭಾರವೆಲ್ಲ ಹಿಂದಕ್ಕೆ ಜಗ್ಗಿತು. ಹಿಂದಿನ ಕಂಬದಲ್ಲಿ ಯಾರೋ ಮುಲುಕಿದರು.

"ಒಡೆಯ ಸತ್ತ ಮೇಲೂ ತಿಂತಾನೇ ಇದಾನೋ ಏನೋ," ಎಂದು ಹೆಶುನ್ ಹಲ್ಲುಕಚ್ಚಿ ಅಂದ. "ಮನೆ ಬಿಟ್ಟಾಗ ಇಷ್ಟು ಭಾರ ಇರ್ಲಿಲ್ಲ."

ಆಮೆಗುಡ್ಡದ ಪೂರ್ವದ ಇಳಿಜಾರು ಬಂತು. ನಿನ್ನೆ ಅಗೆದ ಗುಂಡಿಗಳನ್ನು ಯಾರೂ ಮುಚ್ಚಿರಲಿಲ್ಲ. ಮುಚ್ಚಲು ಹೊತ್ತಿರಲಿಲ್ಲ, ಮುಚ್ಚಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಕಾಲುದಾರಿ ಅವುಗಳ ನಡುವೆ ಹಾದುಹೋಗುತ್ತಿತ್ತು.

"ಬಲಕ್ಕೆ ಗುಂಡಿ!" ಎಂದ ತುಶೆಂಗ್. ಅದು ದೊಡ್ಡಪ್ಪನದು.

"ಎಡಕ್ಕೆ ಕಾಲು!"

"ಎಡಕ್ಕೆ ಗುಂಡಿ!" ಅದು ಹೆಶುನ್‌ನ ಅಪ್ಪನದು.

"ಬಲಕ್ಕೆ ಕಾಲು!" ಹೆಶುನ್‌ನ ದನಿ ಒಡೆದಿತ್ತು.

ಮುಂದಿನದು ಅವ್ವನದು. ತುಶೆಂಗ್ ಅದನ್ನು ದೂರದಿಂದಲೇ ಕಂಡ. ಗುಂಡಿಯ ಅಂಚಿನಲ್ಲಿ ನಿನ್ನೆ ಅವನ ಮೊಣಕಾಲೂರಿದ ಎರಡು ಗುರುತು ಹಾಗೇ ಇದ್ದವು. ಲಿಯೆನ್ ನಿಂತ ಪಾದದ ಗುರುತೂ ಇತ್ತು. ಸುತ್ತ ಕಲ್ಲಂಗಡಿ ಬೀಜದ ಸಿಪ್ಪೆ ಬಿದ್ದಿತ್ತು. ಕೆಲವು ಗುಂಡಿಯೊಳಗೂ ಬಿದ್ದಿದ್ದವು.

ಅವನು ಕೂಗಬೇಕಿತ್ತು. ಎಡಕ್ಕೆ ಗುಂಡಿ. ಎರಡು ಮಾತು. ಬಾಯಿ ತೆರೆದ. ದನಿ ಬರಲಿಲ್ಲ.

ದನಿ ಇಲ್ಲದಿದ್ದರೆ ಹಿಂದಿನವರಿಗೆ ಕಣ್ಣಿಲ್ಲ. ಹದಿನೈದು ಜನ ಇದ್ದಲ್ಲೇ ನಿಂತರು. ಪೆಟ್ಟಿಗೆ ಒಮ್ಮೆ ಓಲಾಡಿ ಸ್ಥಿರವಾಯಿತು. ಓಲಗದವರೂ ದಾಯ್‌ಗಳೇ, ಏನೋ ಆಯಿತೆಂದು ಅವರು ಊದುವುದನ್ನು ಬಿಟ್ಟರು. ಇಷ್ಟು ಹೊತ್ತು ಕೇಳಿಸದಿದ್ದ ಕೆಳಗಿನ ಹೊಳೆಯ ಸದ್ದು ಕೇಳಿಸಿತು.

ಜಿಂಗ್‌ತಾಂಗ್ ಹಿಂದಿನಿಂದ ಓಡಿಬಂದ. ಕೈಯಲ್ಲಿ ಶೋಕದ ಬಿದಿರುಕೋಲು. "ಯಾಕ್ಲಾ ನಿಂತೆ? ಮುಹೂರ್ತ ಮೀರ್ತಿದೆ! ಕೂಗು!"

ತುಶೆಂಗ್ ಕಂಬವನ್ನು ಹೆಗಲಿಗೆ ಇನ್ನಷ್ಟು ಒತ್ತಿ ಹಿಡಿದ.

"ಮೂಗನಾದೆಯೇನೋ ನಾಯಿ?" ಕೋಲು ಮೇಲೆದ್ದಿತು.

ತುಶೆಂಗ್ ಕತ್ತು ತಿರುಗಿಸಲಾರ, ಕಂಬ ಕತ್ತಿಗೊತ್ತಿತ್ತು. ಮುಂದೆ ನೋಡುತ್ತಲೇ ಹೇಳಿದ, "ಹೊಡೀರಿ. ನಾನು ಬಿದ್ರೆ ನಿಮ್ಮಣ್ಣನೂ ಬೀಳ್ತಾರೆ."

ಕೋಲು ಗಾಳಿಯಲ್ಲೇ ಉಳಿಯಿತು. ಹೆಣ ಹೊತ್ತವನನ್ನು ಹೊಡೆಯಲಾಗುವುದಿಲ್ಲ ಎಂಬುದು ಜಿಂಗ್‌ತಾಂಗ್‌ಗೆ ಆಗ ತಿಳಿಯಿತು. ತುಶೆಂಗ್‌ಗೂ ಆಗಲೇ ತಿಳಿದದ್ದು. ಇಷ್ಟು ತಲೆಮಾರು ಹೊತ್ತರೂ ಯಾರಿಗೂ ಇದು ಹೊಳೆದಿರಲಿಲ್ಲ.

ಜಿಂಗ್‌ತಾಂಗ್ ಕೋಲು ಇಳಿಸಿದ. ಮೆರವಣಿಗೆಯಲ್ಲಿದ್ದ ನೆಂಟರೂ ನೆರೆಯೂರಿನ ಒಡೆಯರೂ ನೋಡುತ್ತಿದ್ದರು. ಅವನಿಗೆ ತನ್ನ ಹಿರಿಯರ ಹಳೆಯ ಆಯುಧ ನೆನಪಾಯಿತು. ಎದೆಯುಬ್ಬಿಸಿ, ವರ್ಷದ ಮೊದಲ ದಿನದ ದನಿಯಲ್ಲಿ ಕೇಳಿದ:

"ಯಾರ ಮನೆಯಲ್ಲಿದ್ದೀರಿ?"

"ಒಡೆಯರ ಮನೆಯಲ್ಲಿ," ಎಂದವು ಕೆಲವು ಬಾಯಿಗಳು. ರೂಢಿ.

"ಯಾರ ಗದ್ದೆ ಉಳುತ್ತೀರಿ?"

"ಒಡೆಯರ ಗದ್ದೆ."

"ನಿಮ್ಮ ಸತ್ತವರು ಯಾರ ಗುಡ್ಡದಲ್ಲಿ..."

ಅವನು ಅಲ್ಲಿಗೆ ನಿಂತ. ತಡವಾಗಿತ್ತು. ಪ್ರಶ್ನೆ ಬಾಯಿಂದ ಹೊರಗೆ ಬಿದ್ದಾಗಿತ್ತು. ಸುತ್ತ ಖಾಲಿ ಗುಂಡಿಗಳು ಬಾಯ್ದೆರೆದು ಬಿದ್ದಿದ್ದವು.

ದೊಡ್ಡವ್ವ ಜಾಡಿ ಎತ್ತಿ ನೋಡಿದ್ದು, ನಕ್ಕಿದ್ದು, ಕೇಳಿದ್ದು ತುಶೆಂಗ್‌ನ ತಲೆಯಲ್ಲಿ ಒಂದಕ್ಕೊಂದು ಸೇರಿಕೊಂಡವು. ಅಪ್ಪನ ಒಡೆದ ಹಣೆ ಕಣ್ಣ ಮುಂದೆ ಬಂತು. ಹಂದಿ ಬಿಡಲು ಈಗ ಯಾವ ಸಮಾಧಿಯೂ ಇಲ್ಲ. ಹಗ್ಗವನ್ನು ಅವರೇ ಅಗೆಸಿ ತೆಗೆಸಿದ್ದರು, ಕೊಡೆಯ ಕೆಳಗೆ ಕೂತು, ಬೇಗ ಬೇಗ ಎನ್ನುತ್ತ.

"ಯಾರ ಗುಡ್ಡದಲ್ಲೂ ಇಲ್ಲ," ಎಂದ ತುಶೆಂಗ್. ಆಮೇಲೆ ಗಟ್ಟಿಯಾಗಿ, "ಕೇಳಿ ಪಾನ್ ಜಿಂಗ್‌ತಾಂಗ್. ನಾಲ್ಕನೇದೂ ಕೇಳಿ. ಈ ಹೆಗಲು ಯಾರದು ಅಂತ ಕೇಳಿ."

ದಾಯ್ ಬಾಯಲ್ಲಿ ಒಡೆಯನ ಹೆಸರು ಬಂದದ್ದು ಅದೇ ಮೊದಲು. ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಉಸಿರೆಳೆದುಕೊಂಡರು.

"ಮನೆ ಬಿಡ್ಬೇಕಾಗ್ತದೆ!" ಜಿಂಗ್‌ತಾಂಗ್‌ನ ದನಿ ಕೀರಲಾಯಿತು. "ಗದ್ದೆ ಬಿಡ್ಬೇಕಾಗ್ತದೆ! ಸಾಯ್ತೀರಿ ಕಣ್ರೋ ಉಪವಾಸ!"

"ಮನೆ ನಿಮ್ಮದು, ತಗೊಳ್ಳಿ. ಗದ್ದೆ ನಿಮ್ಮದು, ತಗೊಳ್ಳಿ. ಸತ್ತೋರು ನಮ್ಮವರು. ಅವರನ್ನ ನೀವೇ ವಾಪಸ್ ಕೊಟ್ರಿ."

"ಅಣ್ಣಾ," ಎಂದ ಹೆಶುನ್ ಪಕ್ಕದಿಂದ ಮೆಲ್ಲಗೆ. "ಅಣ್ಣಾ, ನನ್ನ ಹೆಂಡ್ತಿ ಬಸುರಿ. ಗದ್ದೆ ಕೊಯ್ಲಿಗೆ ಬಂದಿದೆ."

ತುಶೆಂಗ್ ಕಂಬದಡಿ ಕಾಲು ಅಗಲಿಸಿ ನಿಂತ.

ಷಾವ್‌ಯೀ ಮುಂದೆ ಬಂದ. ಮುಖ ಬೆವೆತಿತ್ತು. "ತುಶೆಂಗಣ್ಣ, ನಾನು ಕೇಳ್ಕೊಳ್ತೀನಿ. ಅಜ್ಜನ್ನ ಗುಂಡಿ ಮುಟ್ಸಿ. ಆಮೇಲೆ ಕೂತು ಮಾತಾಡೋಣ. ಇದು ಅನ್ಯಾಯ ಅಂತ ನಂಗೂ ಗೊತ್ತು."

"ನಿನ್ನೆ ಗೊತ್ತಿರ್ಲಿಲ್ವಾ?"

ಷಾವ್‌ಯೀ ನೆಲ ನೋಡಿದ. "ಗೊತ್ತಿತ್ತು."

"ಕೊಡೆ ಹಿಡಿದಿದ್ರಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮನುಷ್ಯರೆಲ್ಲ ಒಂದೇ ಅಂದಿದ್ರಿ. ಬನ್ನಿ, ಹೆಗಲು ಕೊಡಿ. ಹದಿನಾರು ಜನ ಬೇಕು. ನಿಮ್ಮ ಕುಲದಲ್ಲಿ ಗಂಡಸರಿಗೆ ಬರವಾ?"

ಆಮೇಲೆ ತುಶೆಂಗ್ ದಾರಿ ಕೂಗುವ ದನಿಯಲ್ಲಿ, ಗುಡ್ಡ ಮಾರ್ದನಿಗೊಡುವಂತೆ ಕೂಗಿದ. ದಾಯ್ ಜನರ ಕೂಗುಗಳಲ್ಲಿ ಈವರೆಗೆ ಇಲ್ಲದ ಕೂಗು.

"ಇಳಿಸು!"

ಬೆಂಚು ಹಿಡಿದ ಇಬ್ಬರು ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಬೆಂಚನ್ನು ತಲೆಯ ಮೇಲೆ ಇಟ್ಟುಕೊಂಡು ಗುಡ್ಡ ಇಳಿಯತೊಡಗಿದ. ಇನ್ನೊಬ್ಬನೂ ಅವನ ಹಿಂದೆ ಹೊರಟ.

ಮೊದಲು ಹಿಂದಿನ ಕಂಬ ತಗ್ಗಿತು. ನಡುವಿನದು ತಗ್ಗಿತು. ಕೊನೆಗೆ ಹೆಶುನ್ ಬಾಗಿದ. ಅಳುತ್ತ ಬಾಗಿದ. ಹಿರಿಯ ಒಡೆಯನ ಪೆಟ್ಟಿಗೆ ದಾಯ್ ಗುಂಡಿಗಳ ನಡುವೆ, ಎಮ್ಮೆಗಳು ನಡೆಯುವ ಕಾಲುದಾರಿಯಲ್ಲಿ, ಮೆಲ್ಲಗೆ ನೆಲಕ್ಕೆ ಕೂತಿತು. ಮುಖ್ಯ ಕಂಬದ ಕೆಂಪು ಬಟ್ಟೆ ಮಣ್ಣಾಯಿತು.

ಪಾನ್ ಹೆಂಗಸರು ಬೊಬ್ಬೆಯಿಟ್ಟರು. ಅಲ್ಲಿಯವರೆಗೆ ಅವರು ಪದ್ಧತಿಗೆ ಅತ್ತಿದ್ದರು. ಈಗ ನಿಜವಾಗಿ ಅತ್ತರು.

ತುಶೆಂಗ್ ನೆಟ್ಟಗೆ ನಿಂತ. ಹೆಗಲು ತೇಲುವ ಹಾಗಿತ್ತು. ಅವನು ಅವ್ವನ ಗುಂಡಿಗೆ ಇಳಿದು, ಬೀಜದ ಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕಿದ. ಮೇಲೆ ಬಂದು ಅವನ್ನು ಪೆಟ್ಟಿಗೆಯ ಮೇಲಿಟ್ಟ. ಆಮೇಲೆ ಇಳಿಜಾರಿನಲ್ಲಿ ಕೆಳಗೆ ನಡೆದ. ಒಬ್ಬೊಬ್ಬರಾಗಿ ಉಳಿದವರು ಹಿಂದೆ ಬಂದರು.

ಬೆನ್ನ ಹಿಂದೆ ಜಿಂಗ್‌ತಾಂಗ್ ಪಾನ್ ಗಂಡಸರನ್ನು ಕಂಬಕ್ಕೆ ಹಚ್ಚುವುದು ಕೇಳಿಸಿತು. "ಎತ್ರೋ!" "ನನ್ನ ಕಡೆ ಜಾಸ್ತಿ ಬಂತು!" "ನಿನ್ನ ಕಾಲು ತೆಗಿ!" "ಮುಂದೇನಿದೆ? ಮುಂದೇನಿದೆ ಹೇಳ್ರೋ!" ಯಾರೂ ಹೇಳಲಿಲ್ಲ. ದಾರಿ ಕೂಗಲು ಅವರಿಗೆ ಬರು­ತ್ತಿರಲಿಲ್ಲ. ಯಾರೋ ಗುಂಡಿಗೆ ಬಿದ್ದ ಸದ್ದು ಬಂತು.

ಮಧ್ಯಾಹ್ನದೊಳಗೆ ಕೇರಿ ಖಾಲಿಯಾಯಿತು. ಪೂರ್ತಿ ಅಲ್ಲ. ನಾಲ್ಕಾರು ಮನೆಯವರು ಉಳಿದರು. ಹೆಶುನ್ ಉಳಿದ. ಬಾಗಿಲಲ್ಲಿ ನಿಂತು, ಹೊಳೆಯ ದಿಬ್ಬದಿಂದ ಮೊದಲೇ ತಂದಿದ್ದ ಅಪ್ಪನ ಎಲುಬಿನ ಜಾಡಿಯನ್ನು ತುಶೆಂಗ್‌ನ ಕೈಗೆ ಕೊಟ್ಟ. "ನಾನಿಲ್ಲಿ ಏನಾಗ್ತೀನೋ ಗೊತ್ತಿಲ್ಲ. ಇವನನ್ನ ಅವರ ಕೈಗೆ ಸಿಗೋ ಹಾಗೆ ಬಿಡ್ಬೇಡ," ಎಂದ. ತುಶೆಂಗ್ ಅವನ ಹೆಗಲ ಮೇಲೆ ಕೈಯಿಟ್ಟ. ಬಯ್ಯಲಿಲ್ಲ. ಬಯ್ಯುವ ಸಿಟ್ಟೆಲ್ಲ ಬೇರೆ ಕಡೆಗಿತ್ತು.

ಕಣಿವೆಯಾಚೆ ಕಣಿವೆ. ಕಾಡು ಕಡಿದು ಜೋಳ ಬಿತ್ತಿ ಗುಡಿಸಲಲ್ಲಿ ಬದುಕುವ ಜನ ಅಲ್ಲಿದ್ದರು. ಅಲ್ಲಿಗೆ ಹೋಗಲು ಎರಡು ದಾರಿ. ಒಂದು ಹಿತ್ತಿಲ ದಾರಿ, ದಾಯ್ ಹೆಣಗಳದ್ದು. ಇನ್ನೊಂದು ಊರ ನಡುವಿನ ಕಲ್ಲುಹಾಸಿನ ಬೀದಿ. ಅದು ಕುಲಮಂದಿರದ ಬಾಗಿಲ ಮುಂದೆ ಹಾದು ಕಣಿವೆಯ ಬಾಯಿಗೆ ಏರುತ್ತದೆ.

ಹೊಳೆಯ ದಿಬ್ಬದಿಂದ ಜನ ಜಾಡಿಗಳನ್ನು ಎತ್ತಿಕೊಂಡರು. ಬಿದಿರಿನ ಅಡ್ಡೆಯ ಒಂದು ತುದಿಗೆ ಹೆಶುನ್‌ನ ಅಪ್ಪ, ಇನ್ನೊಂದು ತುದಿಗೆ ಅವ್ವ. ತುಶೆಂಗ್ ಅಡ್ಡೆಯನ್ನು ಬಲ ಹೆಗಲಿಗೆ ಏರಿಸಿದ. ಲಿಯೆನ್ ಬೆನ್ನಿಗೆ ಮಗು ಕಟ್ಟಿ ಅಕ್ಕಿಯ ಗಂಟು ಹೊತ್ತಳು. ದೊಡ್ಡವ್ವ ಗಂಡನನ್ನು ತಾನೇ ಎತ್ತಿಕೊಂಡಳು, ಯಾರಿಗೂ ಕೊಡಲೊಪ್ಪಲಿಲ್ಲ.

"ಯಾವ ಕಡೆ?" ಎಂದಳು ಲಿಯೆನ್, ಎರಡು ದಾರಿ ಕೂಡುವಲ್ಲಿ.

ತುಶೆಂಗ್ ಕಲ್ಲುಹಾಸಿನ ಬೀದಿಗೆ ಕಾಲಿಟ್ಟ.

ಪಾನ್ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಗಂಡಸರೆಲ್ಲ ಇನ್ನೂ ಗುಡ್ಡದಲ್ಲಿದ್ದರು. ಕುಲಮಂದಿರದ ಎತ್ತರದ ಹೊಸ್ತಿಲು ಎಡಕ್ಕೆ ಬಂತು. ಅದರ ಮುಂದಿನ ಕಲ್ಲು ದಾಯ್ ಮೊಣಕಾಲುಗಳಿಂದ ನುಣುಪಾಗಿತ್ತು. ಒಳಗಿನ ಕತ್ತಲಲ್ಲಿ ಹಿರಿಯರ ಹೆಸರಿನ ಹಲಗೆಗಳು ಸಾಲಾಗಿ ನಿಂತು ನೋಡುತ್ತಿದ್ದವು. ಹಿಂದಿನವರ ಹೆಜ್ಜೆ ಸಪ್ಪಳವಿಲ್ಲದೆ ಬೀಳುತ್ತಿತ್ತು. ತಮ್ಮ ಸತ್ತವರನ್ನು ಹೊತ್ತಾಗ ಸುಮ್ಮನಿರುವುದು ಅವರ ಕಾಲುಗಳಿಗೂ ಅಭ್ಯಾಸವಾಗಿಹೋಗಿತ್ತು.

ತುಶೆಂಗ್ ಎದೆ ತುಂಬ ಉಸಿರೆಳೆದುಕೊಂಡ.

"ಎಡಕ್ಕೆ ಕಲ್ಲು!"

ಬೀದಿ ಸ್ತಬ್ಧವಾಯಿತು. ದನಿ ಕುಲಮಂದಿರದ ಒಳಗೆ ಹೋಗಿ ತೊಲೆಗಳಿಗೆ ಬಡಿದು ವಾಪಸು ಬಂತು. ಹಿಂದೆ ಯಾರೂ ಉತ್ತರ ಕೊಡಲಿಲ್ಲ. ಅವನು ನಿಂತು ಕಾದ. ತಿರುಗಿ ನೋಡಲಿಲ್ಲ.

ಕೊನೆಗೆ ಹಲ್ಲಿಲ್ಲದ ಬಾಯಿಯೊಂದು ಕೂಗಿತು.

"ಬಲಕ್ಕೆ ಕಾಲು!"

ದೊಡ್ಡವ್ವ. ಹೆಂಗಸು ದಾರಿ ಕೂಗುವ ಪದ್ಧತಿ ಯಾವ ಊರಲ್ಲೂ ಇರಲಿಲ್ಲ.

"ಮುಂದೆ ಏರು!" ಎಂದ ತುಶೆಂಗ್.

ಈ ಸಲ ಎಲ್ಲರೂ ಕೂಗಿದರು.